ಚನ್ನಪಟ್ಟಣದಲ್ಲಿ ರೆಸಿಡೆನ್ಸಿ: ಲೆಕ್ಕದ ಬೋರ್ಡಿನಿಂದ ಶುರು ಮಾಡಿದೆವು

ಚನ್ನಪಟ್ಟಣದ ಗೊಂಬೆ ಕೆಲಸದವರ ಜೊತೆ ಡಿಸೈನರ್‌ಗಳು ಕೆಲವು ವಾರ ಇದ್ದು ಕೆಲಸ ಮಾಡುವ ರೆಸಿಡೆನ್ಸಿ ನಮ್ಮದು. ಯಾರು ಬರಬೇಕು ಅಂತ ಆರಿಸುವುದಕ್ಕೂ ಮೊದಲೇ ಒಂದು ಬೋರ್ಡ್ ಬರೆಸಿ ಕಾರ್ಖಾನೆಯ ಬಾಗಿಲ ಪಕ್ಕ ನೇತು ಹಾಕಿದೆವು. ಹಣ ಎಷ್ಟು ಬಂದಿದೆ, ಯಾರು ಕೊಟ್ಟರು, ಯಾವ ಬಾಬ್ತಿಗೆ ಎಷ್ಟು ಅಂತ ಅದರಲ್ಲಿತ್ತು. ಕನ್ನಡ, ಉರ್ದು ಎರಡರಲ್ಲೂ ಬರೆಸಿದೆವು. ಇಲ್ಲಿ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮುಂದೆ ಕೂರುವ ಎಷ್ಟೋ ಜನರ ಮನೆಮಾತು ಉರ್ದು.

ಈ ಯೋಚನೆ ನನಗೆ ಬಂದದ್ದು ಉದ್ಯೋಗ ಖಾತ್ರಿ ಕಾಮಗಾರಿಗಳ ಪಕ್ಕ ಖರ್ಚಿನ ಲೆಕ್ಕ ಬರೆದು ನಿಲ್ಲಿಸುವ ಬೋರ್ಡುಗಳಿಂದ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಪಂಚಾಯ್ತಿ ಲೆಕ್ಕವನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಲು ಶುರು ಮಾಡಿತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿದ ಹೋರಾಟಗಳಲ್ಲಿ ಅದು ಮುಖ್ಯವಾದದ್ದು. ನಮ್ಮಂಥ ಖಾಸಗಿ ಹಣದ ಯೋಜನೆಯನ್ನು ಆ ಕಾಯ್ದೆ ಕೇಳುವುದಿಲ್ಲ, ನಿಜ. ಆದರೆ ಊರಿನ ಹೆಸರು ಹೇಳಿ ತಂದ ಹಣದ ಲೆಕ್ಕ ಊರಿಗೇ ಗೊತ್ತಿಲ್ಲದಿದ್ದರೆ ಹೇಗೆ?

ಬೋರ್ಡ್ ಸುಮ್ನೆ ತೂಗಾಡಲಿಲ್ಲ. ಹಿರಿಯ ಕೆಲಸಗಾರರೊಬ್ಬರು ಪೂರ್ತಿ ಓದಿ ಬಂದು ಕೇಳಿದರು: "ಮೇಡಂ, ಬೆಂಗಳೂರಿಂದ ಬರೋ ಹುಡುಗಿಗೆ ದಿನಕ್ಕೆ ಅಷ್ಟು. ಅವಳಿಗೆ ಕೆಲಸ ಹೇಳಿಕೊಡೋ ನನಗೆ ಇಷ್ಟೇನಾ?" ಬರುವವರಿಗೆ ಗೌರವಧನ, ಇರುವವರಿಗೆ ದಿನಗೂಲಿ. ರೆಸಿಡೆನ್ಸಿಗಳಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಯಾರಿಗೂ ತಪ್ಪು ಅನ್ನಿಸುವುದೇ ಇಲ್ಲ. ಎಲ್ಲರೂ ಕೂತು ಮಾತಾಡಿದೆವು. ಕಲಿಸುವವರಿಗೂ ಕಲಿಯುವವರಿಗೂ ದಿನಕ್ಕೆ ಒಂದೇ ದರ ಅಂತ ತೀರ್ಮಾನವಾಯಿತು. ಕಲಿಸುವ ದಿನ ಅವರ ಸ್ವಂತ ಆರ್ಡರ್ ನಿಲ್ಲುತ್ತದೆ, ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿದೆವು. ಸಮಾರೋಪದ ಶಾಮಿಯಾನ, ಬಣ್ಣದ ಕ್ಯಾಟಲಾಗ್ ಎರಡನ್ನೂ ಬಿಟ್ಟು ಹಣ ಹೊಂದಿಸಿದೆವು. ಹಣ ಕೊಟ್ಟವರಿಗೆ ಕಾರಣ ಬರೆದು ಕಳಿಸಿದೆವು, ಅವರು ಒಪ್ಪಿದರು.

ಗುರಿಯ ವಿಷಯಕ್ಕೆ ಬಂದರೆ, ಹಣ ಕೇಳಿದ ನಮ್ಮ ಅರ್ಜಿಯಲ್ಲಿ ಇದ್ದದ್ದು 'ಹೊಸ ವಿನ್ಯಾಸಗಳು' ಅಂತ. ಇಲ್ಲಿಯವರಿಗೆ ಅದು ಮೊದಲ ಚಿಂತೆ ಆಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳು ಬೈಪಾಸ್‌ನಲ್ಲೇ ಹೋಗುತ್ತವೆ. ಹಳೆ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುವವರು ಕಡಿಮೆಯಾದರು. "ಗೊಂಬೆ ಮಾಡೋದು ನಮಗೆ ಬರುತ್ತೆ, ಕೊಳ್ಳೋರನ್ನ ತೋರಿಸಿ" ಅಂದರು. ಹಾಗಾಗಿ ಗುರಿಯನ್ನು ಅವರ ಜೊತೆ ಕೂತೇ ಬರೆದೆವು: ಅಂಚೆಯಲ್ಲಿ, ಕೊರಿಯರ್‌ನಲ್ಲಿ ಹೋದರೂ ಮುರಿಯದ, ಹಗುರವಾದ ಸಾಮಾನು ಮಾಡಬೇಕು. ಡಿಸೈನರ್ ಊರು ಬಿಟ್ಟ ಮೇಲೂ ಅದಕ್ಕೆ ಆರ್ಡರ್ ಬರುತ್ತಿರಬೇಕು. ಬರೀ ಬಣ್ಣ ಹಚ್ಚುವ ಹೆಂಗಸರಿಗೆ ಲೇತ್ ಮೇಲೆ ಕಡೆಯುವುದನ್ನೂ ಕಲಿಸಬೇಕು. ಕೊನೆಯದನ್ನು ಬರೆಸಿದವರು ಆ ಹೆಂಗಸರೇ. ಇದೂ ಬೋರ್ಡಿಗೆ ಸೇರಿತು.

ಹೆಂಗಸರು ಮಾತಾಡಿದ್ದು ಸಭೆಯ ಹೊತ್ತು ಬದಲಾಯಿಸಿದ ಮೇಲೆ. ಸಂಜೆ ಅಂದರೆ ಅವರಿಗೆ ಅಡುಗೆ, ಮಕ್ಕಳು. ಶುಕ್ರವಾರ ಮಧ್ಯಾಹ್ನ ಗಂಡಸರಿಗೆ ನಮಾಜು. ಲೇತ್ ಓಡುವುದು ಕರೆಂಟಿನಲ್ಲಿ, ಹಾಗಾಗಿ ಕರೆಂಟ್ ಹೋದಾಗ ಎಲ್ಲರ ಕೈ ಖಾಲಿ. ಜಾಸ್ತಿ ಮಾತು ನಡೆದದ್ದು ಆಗಲೇ. ಹಾಜರಿ ಪುಸ್ತಕ ಹಿಡಿದು ಕರೆದ ಸಭೆಗಳಿಗಿಂತ ಅವು ಹೆಚ್ಚು ಉಪಯೋಗಕ್ಕೆ ಬಂದವು.

ಬಂದವರಿಗೆ ಮೊದಲ ವಾರ ಪೆನ್ಸಿಲ್ ಹಿಡಿಯಬೇಡಿ ಅಂದಿದ್ದೆವು. ಗೊಂಬೆ ಮಾಡುವ ಆಲೆ ಮರ ಬಿಳಿ, ಮೆತ್ತಗೆ. ಆದರೆ ತಿಂಗಳುಗಟ್ಟಲೆ ಒಣಗಬೇಕು, ಇಲ್ಲದಿದ್ದರೆ ಕಡೆದ ಮೇಲೆ ಬಿರುಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಆಮೇಲೆ ತಾಳೆ ಗರಿಯಿಂದ ಒತ್ತಿ ಹೊಳಪು ಬರಿಸುತ್ತಾರೆ. ಕೈಯಾರೆ ಇದನ್ನು ಮಾಡಿ ನೋಡಿದವರು ಲೇತ್‌ಗೆ ಒಗ್ಗದ ಸಣಕಲು ಕಾಲಿನ ಆನೆ ಬರೆಯುವುದಿಲ್ಲ.

ಹೀಗೆ ಎಲ್ಲವನ್ನೂ ತೆರೆದಿಟ್ಟೆವು, ಒಂದನ್ನು ಬಿಟ್ಟು. ಹೊಸ ವಿನ್ಯಾಸದ ಚಿತ್ರ, ಫೋಟೋ ಯಾರೂ ಎಲ್ಲೂ ಹಾಕಬಾರದು ಅಂತ ಎಲ್ಲರೂ ಒಪ್ಪಿಕೊಂಡೆವು. ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಕಾಪಾಡುವುದು 'ಚನ್ನಪಟ್ಟಣದ ಗೊಂಬೆ' ಅನ್ನುವ ಹೆಸರನ್ನು. ಒಂದು ಹೊಸ ಆಕಾರವನ್ನು ಅದು ಕಾಯುವುದಿಲ್ಲ. ಅದಕ್ಕೆ 2000ನೇ ಇಸವಿಯ ವಿನ್ಯಾಸ ಕಾಯ್ದೆಯಡಿ ನೋಂದಣಿ ಬೇಕು. ಮೊದಲಿಗೆ 10 ವರ್ಷ ಹಕ್ಕು ಸಿಗುತ್ತದೆ, ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮುಂಚೆಯೇ ಎಲ್ಲರ ಕಣ್ಣಿಗೆ ಬಿದ್ದಿದ್ದರೆ ಅದನ್ನು ಹೊಸದು ಅನ್ನಲು ಬರುವುದಿಲ್ಲ. ಇದನ್ನು ಎರಡೂ ಭಾಷೆಯಲ್ಲಿ ಒಂದೇ ಪುಟದ ಕರಾರಾಗಿ ಬರೆದು, ಜೋರಾಗಿ ಓದಿ, ಆಮೇಲೆ ಸಹಿ ಹಾಕಿಸಿದೆವು. ಅರ್ಜಿ ಡಿಸೈನರ್ ಮತ್ತು ಕಡೆದವರು ಇಬ್ಬರ ಹೆಸರಿನಲ್ಲೂ. ಓದಲು ಬಾರದವರ ಸಹಿ ಸುಮ್ಮನೆ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದೇ ಇಲ್ಲ.

ಇನ್ನೊಂದು ಸುತ್ತಿಗೆ ಜನರನ್ನು ಆರಿಸುವಾಗ ಲೇತ್ ಕೆಲಸದವರು, ಬಣ್ಣದ ಕೆಲಸದವರು ಸಮಿತಿಯಲ್ಲಿ ಕೂತರು. ತುಂಬಾ ಚೆನ್ನಾಗಿ ಕೆಲಸ ಮಾಡಿದ್ದ ಒಬ್ಬರನ್ನು ಅವರು ಬೇಡ ಅಂದರು. ಆ ಡಿಸೈನರ್ ದಿನಾ ಬೆಂಗಳೂರಿನಿಂದ ಬಂದು ಹೋಗುತ್ತೇನೆ ಅಂದಿದ್ದರು. ಸಮಿತಿಯ ಒಬ್ಬ ಆಪಾ (ಉರ್ದುವಿನಲ್ಲಿ ಅಕ್ಕ) ಹೇಳಿದ್ದು ಇಷ್ಟೇ: "ಕರೆಂಟ್ ಹೋದಾಗ ಅವರು ಇಲ್ಲಿ ಇರಲ್ವಲ್ಲ." ಯಾಕೆ ಬೇಡ ಅಂದೆವು ಅನ್ನುವುದನ್ನು ಅರ್ಜಿ ಹಾಕಿದವರಿಗೂ ಬರೆದು ತಿಳಿಸಿದೆವು.