ದುಡಿದು ಮನೆ ನಿಲ್ಲಿಸಿದ ಯಜಮಾನರ ಬದುಕನ್ನು ಬರೆದಿಡುವುದು ಹೇಗೆ

‘ಕಷ್ಟಜೀವಿ, ಮಕ್ಕಳೆಂದರೆ ಪ್ರಾಣ, ಯಾರಿಗೂ ಕೇಡು ಬಯಸಿದವರಲ್ಲ.’ ಈ ಮಾತುಗಳು ಯಾವ ಹಿರಿಯರಿಗಾದರೂ ಒಪ್ಪುತ್ತವೆ. ಹಾಗಾಗಿ ಅವುಗಳಲ್ಲಿ ನಿಮ್ಮ ಅಪ್ಪನೋ ಅಜ್ಜನೋ ಕಾಣಿಸುವುದಿಲ್ಲ. ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕೆಲಸದ ಚೀಲದಲ್ಲಿ ಏನೇನಿರುತ್ತಿತ್ತು, ದುಡ್ಡು ಕೈಗೆ ಬಂದ ದಿನ ಮೊದಲು ಯಾವುದಕ್ಕೆ ತೆಗೆದಿಡುತ್ತಿದ್ದರು ಎಂದು ಬರೆದರೆ ಅವರು ಎದ್ದು ಕಾಣುತ್ತಾರೆ.

ಅವರು ತೀರಿಕೊಂಡಿದ್ದರೆ ಎಲ್ಲಕ್ಕಿಂತ ಮೊದಲು ಅವರ ಫೋನ್ ನೋಡಿ. ಸಿಮ್ ರದ್ದು ಮಾಡಿಸುವ ಆತುರ ಬೇಡ. ಇಮೇಲ್, ಫೋಟೊ ಖಾತೆಗಳ ಒಟಿಪಿ ಅದೇ ನಂಬರಿಗೆ ಬರುತ್ತದೆ. ವಾಟ್ಸಾಪ್ ಖಾತೆಯನ್ನು ಸುಮಾರು 120 ದಿನ ಯಾರೂ ಬಳಸದಿದ್ದರೆ ಸಾಮಾನ್ಯವಾಗಿ ಅದು ಅಳಿಸಿಹೋಗುತ್ತದೆ. ಅವರು ಕಳಿಸಿದ ವಾಯ್ಸ್ ಮೆಸೇಜ್‌ಗಳಿದ್ದರೆ ಮನೆಯವರೆಲ್ಲ ತಂತಮ್ಮ ಫೋನಿನಿಂದ ಮೀಡಿಯಾ ಸಮೇತ ಚಾಟ್ ಎಕ್ಸ್‌ಪೋರ್ಟ್ ಮಾಡಿಡಲಿ, ಅಂದರೆ ಫೈಲಾಗಿ ಹೊರತೆಗೆದು ಉಳಿಸಿಡಲಿ. ಮುಂದೆ ಎಲ್ಲರೂ ಹುಡುಕುವುದು ಆ ಧ್ವನಿಯನ್ನೇ.

ಆಮೇಲೆ ಕಾಗದಗಳು. ಲೆಕ್ಕದ ಪುಸ್ತಕ, ಸಂಬಳದ ಚೀಟಿ, ಸಾಲದ ಪತ್ರ, ಹಳೇ ರಸೀದಿ, ಒಂದನ್ನೂ ಎಸೆಯಬೇಡಿ. ದುಡಿಮೆಯ ಬಗ್ಗೆ ಲೆಕ್ಕದ ಪುಸ್ತಕ ಹೇಳುವಷ್ಟು ನಿಖರವಾಗಿ ನೆನಪು ಹೇಳಲಾರದು. ದಾಖಲೆಯ ಹುಟ್ಟಿದ ದಿನಾಂಕಕ್ಕೂ ಮನೆಯವರು ಹೇಳುವ ದಿನಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತೆಂದು ಪಕ್ಕದಲ್ಲಿ ಗುರುತು ಹಾಕಿ.

ಸಾಧಾರಣ ಅಳತೆಯ ಫೋಟೊಗಳನ್ನು 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬುದರ ಅಳತೆ), ಪಾಸ್‌ಪೋರ್ಟ್ ಅಳತೆಯವನ್ನು 1200ರಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಮ್‌ನಿಂದ ಫೋಟೊ ಎಳೆದರೆ ಹರಿಯುತ್ತದೆ. ಹಲ್ಲು ಶುಚಿ ಮಾಡುವ ದಾರವನ್ನು ಅಡಿಯಲ್ಲಿ ತೂರಿಸಿ ಮೆಲ್ಲಗೆ ಆಡಿಸಿ, ಬಿಡದಿದ್ದರೆ ಹಾಳೆಯ ಮೇಲೆ ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ. ಹೆಸರು ಬರೆಯಲು ಮೆದು ಪೆನ್ಸಿಲ್ಲೇ ಸಾಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಮಾತುಕತೆಗೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಅಣ್ಣತಮ್ಮಂದಿರನ್ನೆಲ್ಲ ಒಟ್ಟಿಗೆ ಕೂರಿಸಿದರೆ ದೊಡ್ಡವರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ, ಚಿಕ್ಕವರು ಕಂಡ ಅಪ್ಪ ಅಲ್ಲೇ ಕಳೆದುಹೋಗುತ್ತಾನೆ. ಅತ್ಯಂತ ವಯಸ್ಸಾದವರಿಂದ ಶುರು ಮಾಡಿ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಬಟ್ಟೆಯ ಮೇಲಿಟ್ಟು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ. ಮಧ್ಯೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ಮುಕ್ಕಾಲು ಗಂಟೆಗೆ ಮುಗಿಸಿ, ಹಿರಿಯರಿಗೆ ಅದಕ್ಕಿಂತ ಹೆಚ್ಚು ಆಯಾಸ.

‘ಅವರು ತುಂಬಾ ಕಷ್ಟಪಟ್ಟರು ಅಲ್ವಾ?’ ಎಂದು ಕೇಳಿದರೆ ‘ಹೌದಪ್ಪ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಕೆಲಸದಿಂದ ಬಂದ ಕೂಡಲೇ ಏನು ಮಾಡ್ತಿದ್ರು?’, ‘ಕೆಲಸ ಇಲ್ಲದ ದಿನ ಹೇಗಿರ್ತಿದ್ರು?’, ‘ಸಿಟ್ಟು ಬಂದರೆ ಯಾರಿಗೆ ಗೊತ್ತಾಗ್ತಿತ್ತು?’ ಎಂದು ಕೇಳಿ. ಅವರು ಬಳಸುತ್ತಿದ್ದ ಒಂದು ಸಾಮಾನನ್ನು ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಉತ್ತರ ನಿಂತಾಗ ತಕ್ಷಣ ಮುಂದಿನ ಪ್ರಶ್ನೆಗೆ ಹೋಗಬೇಡಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮುಖ್ಯವಾದದ್ದು ಬಹಳ ಸಲ ಆ ಮೌನದ ನಂತರವೇ ಬರುತ್ತದೆ. ಜೊತೆಯಲ್ಲಿ ದುಡಿದವರನ್ನು ಬಿಡಬೇಡಿ. ಮನೆಯವರು ಕಂಡದ್ದು ದಣಿದು ಬಂದ ಮನುಷ್ಯನನ್ನು, ಕೆಲಸದಲ್ಲಿ ಅವರ ಕೈಚಳಕ ಕಂಡವರು ಇವರು.

ಇಸವಿ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ‘ಎರಡನೇ ಮಗು ಹುಟ್ಟೋ ಮುಂಚೆಯಾ, ಆಮೇಲಾ?’ ಎಂದು ಕೇಳಿದರೆ ಗಂಟು ಬಿಚ್ಚುತ್ತದೆ. ಮೂರು ಅಂಕಣದ ಪಟ್ಟಿ ಮಾಡಿ: ಇಸವಿ, ನಡೆದದ್ದು, ಹೇಳಿದವರು ಅಥವಾ ದಾಖಲೆ. ಮೂರನೆಯ ಅಂಕಣ ಇಲ್ಲದಿದ್ದರೆ ಮುಂದೆ ತಕರಾರು ಬಂದಾಗ ಬಿಡಿಸುವುದಕ್ಕೆ ಆಧಾರವೇ ಇರುವುದಿಲ್ಲ.

ಬರೆಯಲು ಕೂತಾಗ ಹುಟ್ಟಿನಿಂದ ಆರಂಭಿಸಬೇಕೆಂದೇನೂ ಇಲ್ಲ. ದುಡಿಮೆಯ ನಡುಪ್ರಾಯದ ಒಂದು ಸಾಮಾನ್ಯ ದಿನವನ್ನು ಎದ್ದಲ್ಲಿಂದ ಮಲಗುವವರೆಗೆ ಪೂರ್ತಿಯಾಗಿ ಬರೆಯಿರಿ. ಆಮೇಲೆ ನಾಲ್ಕೈದು ತಿರುವುಗಳು: ಮೊದಲ ಸಂಪಾದನೆ, ಕೈಸೋತ ಕಾಲ, ಮಕ್ಕಳಿಗಾಗಿ ಬಿಟ್ಟುಕೊಟ್ಟದ್ದು. ಅವರು ಪದೇ ಪದೇ ಆಡುತ್ತಿದ್ದ ಮಾತನ್ನು ತಿದ್ದದೆ, ಅವರ ಆಡುಮಾತಿನಲ್ಲೇ ಇಡಿ. ಅವರು ಹೊರಗೆ ದುಡಿಯಲು ಸಾಧ್ಯವಾಗುವಂತೆ ಮನೆಯೊಳಗೆ ದುಡಿದವರು ಯಾರು ಎಂಬುದೂ ಅದೇ ಪುಟದಲ್ಲಿರಬೇಕು. ಅದನ್ನು ಬಿಟ್ಟರೆ ಬರಹ ಅರ್ಧ ಸುಳ್ಳು. ಮುಂಗೋಪ, ತಪ್ಪಿದ ಲೆಕ್ಕಾಚಾರ ಇದ್ದರೆ ಇರಲಿ, ದೋಷವೇ ಇಲ್ಲದವರನ್ನು ಮೊಮ್ಮಕ್ಕಳು ನಂಬುವುದಿಲ್ಲ. ಬದುಕಿರುವವರ ಗುಟ್ಟನ್ನು ಮಾತ್ರ ಅವರನ್ನು ಕೇಳದೆ ಬರೆಯಬಾರದು.

ಶ್ರದ್ಧಾಂಜಲಿ ಸಭೆಯಲ್ಲಿ ಓದುವುದಾದರೆ ಐದು ನಿಮಿಷ ಮೀರದಿರಲಿ. ಹಾಳೆಯ ಒಂದೇ ಬದಿಗೆ, ಸಾಲಿನ ನಡುವೆ ಜಾಗ ಬಿಟ್ಟು, ಪುಟಸಂಖ್ಯೆ ಹಾಕಿ. ಗಂಟಲು ಕಟ್ಟಿದರೆ ಮುಂದುವರಿಸಲು ಇನ್ನೊಬ್ಬರ ಕೈಯಲ್ಲೂ ಪ್ರತಿ ಇರಲಿ.

ಪುಸ್ತಿಕೆ ಮಾಡುವುದಾದರೆ, ನಡುವೆ ಪಿನ್ ಹೊಡೆಯುವ ಬೈಂಡಿಂಗ್‌ಗೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. ಅಕ್ಷರ 14 ಪಾಯಿಂಟ್ ಇದ್ದರೆ ವಯಸ್ಸಾದವರೂ ಓದಬಲ್ಲರು. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರದಲ್ಲೇ ಟೈಪ್ ಮಾಡಿ. ಪ್ರೆಸ್‌ನವರು ಅದನ್ನು ಹಳೇ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಹಾಗಾಗಿ ಅಚ್ಚಿಗೆ ಹೋಗುವ ಕೊನೆಯ ಪಿಡಿಎಫ್ ಅನ್ನೇ ಕಾಗದದ ಮೇಲೆ ತೆಗೆಸಿ, ಮೊದಲು ಹೆಸರುಗಳನ್ನು, ಆಮೇಲೆ ಇಸವಿಗಳನ್ನು ಓದಿ. ಆ ಕರಡನ್ನು ಮನೆಯ ಹಿರಿಯರೊಬ್ಬರಿಗೆ ಪೆನ್ಸಿಲ್ ಸಮೇತ ಕೊಡಿ.

ಮುದ್ರಣವಾದ ಮೇಲೂ ರೆಕಾರ್ಡಿಂಗ್‌ಗಳನ್ನು ಅಳಿಸಬೇಡಿ. ಎಲ್ಲದರ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ ಇರಲಿ. ಫೈಲಿನ ಹೆಸರು ಇಸವಿಯಿಂದ ಶುರುವಾದರೆ ತಾನಾಗಿ ಕ್ರಮಕ್ಕೆ ಬರುತ್ತವೆ. ವರ್ಷಕ್ಕೊಮ್ಮೆ ತೆರೆದು ನೋಡಿ, ಡಿಸ್ಕ್ ಕೆಟ್ಟಿದ್ದರೆ ಉಳಿದ ಪ್ರತಿಯಿಂದ ಆಗಲೇ ಹೊಸದು ಮಾಡಿಕೊಳ್ಳಬಹುದು.