ದೋನೀ, ನೀನೆ, ದೋನೆ: ಸಾಪೇಕ್ಷ ವೇಗವನ್ನು ಬಾಣಗಳಲ್ಲಿ ಕಲಿಸಿದ ನನ್ನ ಅನುಭವ

ಸಾಪೇಕ್ಷ ವೇಗವನ್ನು, ಅಂದರೆ ಒಂದಕ್ಕೆ ಹೋಲಿಸಿ ಇನ್ನೊಂದರ ವೇಗವನ್ನು, ಹತ್ತು ಹನ್ನೆರಡು ವರ್ಷ ನಾನೂ ಎಲ್ಲರಂತೆಯೇ ಕಲಿಸಿದೆ. ದೋಣಿ ಕನಿಷ್ಠ ಸಮಯದಲ್ಲಿ ನದಿ ದಾಟುವುದಕ್ಕೆ ಒಂದು ಸೂತ್ರ, ನೇರವಾಗಿ ಎದುರು ದಡ ಸೇರುವುದಕ್ಕೆ ಇನ್ನೊಂದು, ಮಳೆ ಮತ್ತು ಕೊಡೆಗೆ ಮೂರನೆಯದು. ವಿದ್ಯಾರ್ಥಿಗಳು ಮೂರನ್ನೂ ಉರು ಹೊಡೆದು, ಪರೀಕ್ಷೆಯಲ್ಲಿ ನದಿಯ ಸೂತ್ರವನ್ನು ಮಳೆಗೆ ಹಾಕಿ ಬರುತ್ತಿದ್ದರು. ಸೂತ್ರಗಳನ್ನೆಲ್ಲ ಅಳಿಸಿ ಅಳತೆಪಟ್ಟಿ, ಕೋನಮಾಪಕ ಮತ್ತು ಕೈವಾರದಲ್ಲೇ ಈ ಪಾಠ ಮುಗಿಸುತ್ತೇನೆ ಎಂದು ಹೇಳಿದ ದಿನ ಹಿರಿಯ ಸಹೋದ್ಯೋಗಿಯೊಬ್ಬರು, "ಏನು ಮೇಷ್ಟ್ರೇ, ಚಿತ್ರಕಲೆಯ ತರಗತಿ ಶುರುಮಾಡಿದಿರಾ?" ಎಂದರು. ಆ ಮಾತಿಗೆ ಉತ್ತರ ಕೊಡಲು ನನಗೆ ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಪೂರ್ತಿ ಸೋಲು. ವೇಗವೆಷ್ಟು ಎಂಬುದನ್ನು ಉದ್ದದಲ್ಲಿ, ಎತ್ತ ಎಂಬುದನ್ನು ತುದಿಯಲ್ಲಿ ತೋರಿಸುವ, ಹಲಗೆಗೆ ಅಂಟುವ ಆಯಸ್ಕಾಂತದ ಬಾಣಗಳನ್ನು ಮಾಡಿಸಿದೆ. ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ, ಬೇರೆ ಬೇರೆ ಉದ್ದಗಳಲ್ಲಿ. ಒಂದು ತಿಂಗಳ ಮನೆಪಾಠದ ಸಂಪಾದನೆ ಅದಕ್ಕೇ ಹೋಯಿತು. ನೋಡಲು ಚೆನ್ನಾಗಿದ್ದವು, ಆದರೆ ನಾನು ಬಾಣ ಜೋಡಿಸುತ್ತಿದ್ದರೆ ತರಗತಿ ಸುಮ್ಮನೆ ನೋಡುತ್ತಿತ್ತು. ಅವರ ಕೈಯಲ್ಲಿ ಬಾಣವಿಲ್ಲದಿದ್ದರೆ ತಲೆಯಲ್ಲೂ ಇರುವುದಿಲ್ಲ ಎಂಬುದು ತಿಳಿಯುವಷ್ಟರಲ್ಲಿ ವರ್ಷ ಮುಗಿದಿತ್ತು. ಆ ಬಾಣಗಳು ಈಗಲೂ ಕಪಾಟಿನಲ್ಲಿವೆ.

ಎರಡನೆಯ ವರ್ಷ ಎಲ್ಲರಿಗೂ ಗ್ರಾಫ್ ಹಾಳೆ ಕೊಟ್ಟೆ. ಸೆಕೆಂಡಿಗೆ 1 ಮೀಟರ್ ಎಂದರೆ 1 ಸೆಂಟಿಮೀಟರ್. ಬಾಣಗಳೇನೋ ಬಿದ್ದವು, ಆದರೆ ಯಾವ ಬಾಣ ಯಾರದು ಎಂಬುದರಲ್ಲೇ ಎಲ್ಲರೂ ಮುಗ್ಗರಿಸಿದರು. "ದೋಣಿಯ ವೇಗ 5" ಎಂದು ಪ್ರಶ್ನೆಯಲ್ಲಿದ್ದರೆ ಅದು ನೀರಿಗೆ ಹೋಲಿಸಿದ್ದೋ, ನೆಲಕ್ಕೆ ಹೋಲಿಸಿದ್ದೋ? ಅರ್ಧ ತರಗತಿ ಅದನ್ನೇ ಫಲಿತ ವೇಗವೆಂದು (ಎರಡು ಬಾಣ ಕೂಡಿಸಿದಾಗ ತ್ರಿಭುಜದ ಮೂರನೆಯ ಬದಿಯಾಗಿ ಬರುವ ವೇಗ) ತಿಳಿದು ತ್ರಿಭುಜ ಮುಚ್ಚಿತು. ಆ ವರ್ಷದ ಅಂಕಗಳು ಹಿಂದಿನ ವರ್ಷಕ್ಕಿಂತ ಕೆಳಗಿಳಿದವು. ಸಹೋದ್ಯೋಗಿಗಳು ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ದಾರಿ ತೋರಿಸಿದ್ದು ಎರಡಕ್ಷರದ ಹೆಸರುಗಳು. ಬಾಣ ಎಳೆಯುವ ಮೊದಲೇ ಅದಕ್ಕೆ ಎರಡು ಅಕ್ಷರ ಕೊಡಬೇಕು: ಯಾರದು, ಯಾರಿಗೆ ಹೋಲಿಸಿ. ನೀರಿಗೆ ಹೋಲಿಸಿದ ದೋಣಿಯ ವೇಗ "ದೋನೀ". ನೆಲಕ್ಕೆ ಹೋಲಿಸಿದ ನೀರಿನ ವೇಗ "ನೀನೆ". ಎರಡನ್ನೂ ತುದಿಗೆ ಬಾಲ ಸೇರಿಸಿ ಎಳೆದರೆ ನಡುವಿನ "ನೀ" ಬಿದ್ದುಹೋಗಿ "ದೋನೆ" ಉಳಿಯುತ್ತದೆ. ನಡುವಿನ ಅಕ್ಷರಗಳು ಒಂದೇ ಆಗಿರದಿದ್ದರೆ ಆ ಎರಡು ಬಾಣಗಳನ್ನು ಕೂಡಿಸುವ ಹಾಗಿಲ್ಲ. ಇಷ್ಟೇ ಕಾನೂನು. ಕೆಳಕ್ಷರದ (ವೇಗದ ಚಿಹ್ನೆಯ ಕೆಳಗೆ ಸಣ್ಣದಾಗಿ ಬರೆಯುವ ಅಕ್ಷರಗಳ) ಈ ನಿಯಮ ಮೇಷ್ಟ್ರುಗಳಾದ ನಮಗೆಲ್ಲ ಗೊತ್ತಿರುವುದೇ. ನಾನು ಮಾಡಿದ್ದು ಅದನ್ನು ಬಾಯಲ್ಲಿ ಹೇಳುವಂತೆ ಮಾಡಿದ್ದು. "ನೀನೆ" ಎಂದಾಗಲೆಲ್ಲ ಹಿಂದಿನ ಬೆಂಚು ನಗುತ್ತಿತ್ತು. ಮಳೆಯ ಲೆಕ್ಕಕ್ಕೆ ಬಂದು, ನೆಲಕ್ಕೆ ಹೋಲಿಸಿದ ಮನುಷ್ಯನ ವೇಗ "ಮನೆ" ಆದಾಗ ಇಡೀ ತರಗತಿ ನಕ್ಕಿತು. ನಕ್ಕದ್ದನ್ನು ಯಾರೂ ಮರೆಯಲಿಲ್ಲ.

ಇನ್ನು ವ್ಯವಕಲನ, ಅಂದರೆ ನೆಲಕ್ಕೆ ಹೋಲಿಸಿದ ಎರಡು ವೇಗಗಳಿಂದ ಒಂದಕ್ಕೆ ಹೋಲಿಸಿದ ಇನ್ನೊಂದರ ವೇಗ ಕಂಡುಹಿಡಿಯುವುದು. ಒಂದು ಬಾಣವನ್ನು ತಿರುಗಿಸಿ ಕೂಡಿಸು ಎಂದು ಹೇಳಿಕೊಡುವುದನ್ನು ನಾನು ಬಿಟ್ಟೇಬಿಟ್ಟೆ. ಯಾವುದನ್ನು ತಿರುಗಿಸಬೇಕು ಎಂಬುದರಲ್ಲೇ ಅವರು ಕೆಡುತ್ತಾರೆ. ಅದರ ಬದಲು, ನೆಲಕ್ಕೆ ಹೋಲಿಸಿದ ಬಾಣಗಳನ್ನೆಲ್ಲ ಒಂದೇ ಬಿಂದುವಿನಿಂದ ಹೊರಡಿಸಬೇಕು. ಮನುಷ್ಯನ ತುದಿಯಿಂದ ಹನಿಯ ತುದಿಗೆ ಎಳೆದ ಗೆರೆಯೇ ಮನುಷ್ಯನಿಗೆ ಕಾಣುವ ಮಳೆ. ಗಂಟೆಗೆ 3 ಕಿಲೋಮೀಟರ್ ನಡೆದರೆ ಮಳೆ ನೇರ ಕೆಳಗೆ, 6 ಕಿಲೋಮೀಟರ್ ನಡೆದರೆ ಎದುರಿನಿಂದ 45 ಡಿಗ್ರಿಯಲ್ಲಿ ಬೀಳುವಂತೆ ಕಾಣುತ್ತದೆ, ನಿಜವಾದ ವೇಗವೆಷ್ಟು ಎಂಬ ಹಳೆಯ ಪ್ರಶ್ನೆ ನೆನಪಿರಬಹುದು. 3ರ ತುದಿಯಿಂದ ನೇರ ಕೆಳಗೆ ಒಂದು ಗೆರೆ, 6ರ ತುದಿಯಿಂದ ಹಿಂದಕ್ಕೆ 45 ಡಿಗ್ರಿಯಲ್ಲಿ ಇನ್ನೊಂದು. ಅವು ಸೇರಿದ ಕಡೆ ಹನಿಯ ತುದಿ. ಅಳೆದರೆ 4.2. ಎರಡು ಅಜ್ಞಾತಗಳ ಸಮೀಕರಣ ಬರೆಯುವವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ನನ್ನ ಹುಡುಗಿಯೊಬ್ಬಳು ಉತ್ತರ ಹೇಳಿದ್ದಳು. (ಗಂಟೆಗೆ 4 ಕಿಲೋಮೀಟರಿನಲ್ಲಿ ಬೀಳುವ ಮಳೆ ಪುಸ್ತಕದಲ್ಲಿ ಮಾತ್ರ ಉಂಟು. ದೊಡ್ಡ ಹನಿಗಳು ಸೆಕೆಂಡಿಗೆ 9 ಮೀಟರ್ ಹತ್ತಿರ ಬೀಳುತ್ತವೆ, ಅಂದರೆ ಗಂಟೆಗೆ 32 ಕಿಲೋಮೀಟರ್.)

ಆ ಆವರಣದ ಮಾತು ನನ್ನನ್ನು ಅಡ್ಡದಾರಿಗೆ ಎಳೆಯಿತು. ಓಡುವ ಬಸ್ಸಿನ ಪಕ್ಕದ ಗಾಜಿನ ಮೇಲೆ ಹನಿ ಬೀಳುವಾಗ ಎಳೆಯುವ ಓರೆ ಗೆರೆಯ ಫೋಟೋ ತೆಗೆದು, ಕೋನ ಅಳೆದು, ಬಸ್ಸಿನ ವೇಗದಿಂದ ಮಳೆಯ ವೇಗ ಹೇಳಬಹುದಲ್ಲ? ಗಂಟೆಗೆ 30 ಕಿಲೋಮೀಟರಿನಲ್ಲಿ ಗೆರೆ 45 ಡಿಗ್ರಿ ಇದ್ದರೆ ಹನಿಯ ವೇಗ ಸೆಕೆಂಡಿಗೆ ಸುಮಾರು 8.3 ಮೀಟರ್ ಆಗಬೇಕು. ಹನ್ನೆರಡೋ ಹದಿನೈದೋ ಫೋಟೋ ತೆಗೆದೆ. ಉತ್ತರಗಳು 5ರಿಂದ 12ರವರೆಗೆ ಚೆಲ್ಲಾಡಿದವು. ಗಾಜಿನ ಹತ್ತಿರದ ಗಾಳಿಯೇ ಹನಿಯನ್ನು ತಿರುಗಿಸುತ್ತದೆ, ಗಾಜಿಗೆ ತಾಗಿ ಜಾರುವ ನೀರು ಬೇರೆಯೇ ಕಥೆ ಹೇಳುತ್ತದೆ. ಒಂದು ಮೊಬೈಲ್ ಒದ್ದೆಯಾಗಿ ಕೆಟ್ಟಿತು. ದುರಸ್ತಿಗೆ ಹೋದ ಹಣದಲ್ಲಿ ಇಡೀ ತರಗತಿಗೆ ಎರಡು ವರ್ಷದ ಗ್ರಾಫ್ ಹಾಳೆ ಬರುತ್ತಿತ್ತು.

ಫಲ ಕೊಟ್ಟ ಪ್ರಯೋಗ ಇದಕ್ಕಿಂತ ಅಗ್ಗದ್ದು. ಮೇಜಿನ ಮೇಲೆ ಉದ್ದನೆಯ ಕಾಗದ, ಅದೇ ನದಿ. ಬ್ಯಾಟರಿಯ ಆಟಿಕೆ ಕಾರು, ಅದೇ ದೋಣಿ. ಕಾಗದವನ್ನು ಕೈಯಲ್ಲಿ ಎಳೆದಾಗ ನದಿಯಲ್ಲಿ ಪ್ರವಾಹ ಬಂದು ಹೋಗುತ್ತಿತ್ತು. ನಿಧಾನ ತಿರುಗುವ ಮೋಟರಿಗೆ ದಾರ ಸುತ್ತಿದ ಮೇಲೆ ಸರಿಹೋಯಿತು. ಕಾರು ಸೆಕೆಂಡಿಗೆ 20 ಸೆಂಟಿಮೀಟರ್, ಕಾಗದ 15, ಅಗಲ 60. ದಾಟಲು 3 ಸೆಕೆಂಡು, ಕೆಳಕ್ಕೆ ಸರಿಯುವುದು 45 ಸೆಂಟಿಮೀಟರ್ ಆಗಬೇಕು. ನಮಗೆ 41ರಿಂದ 47ರವರೆಗೆ ಬಂತು. ಬ್ಯಾಟರಿ ಇಳಿದಂತೆ ಈ ಸರಿತ, ಅಂದರೆ ಕೆಳಕ್ಕೆ ಸರಿದ ದೂರ, ಹೆಚ್ಚುತ್ತಿತ್ತು. ಮುಖ್ಯವಾದದ್ದು ಅದಲ್ಲ. ಕಾಗದ ನಿಂತಿರಲಿ, ಓಡಲಿ, ದಾಟುವ ಸಮಯ ಅದೇ 3 ಸೆಕೆಂಡು ಎಂಬುದನ್ನು ಕಣ್ಣಾರೆ ಕಂಡಾಗ ಒಬ್ಬ ಹುಡುಗ ನಿಲುಗಡಿಯಾರವನ್ನೇ ಅನುಮಾನಿಸಿದ. ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ನಂಬಿಸಲಾಗದ್ದನ್ನು ಆ ಕಾರು ನಂಬಿಸಿತು. ಕಾರಿನ ಮೂತಿ ಅತ್ತಿತ್ತ ತಿರುಗದಂತೆ ನಾನು ಮಾಡಿಕೊಂಡಿರುವ ಉಪಾಯ ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಒಂದು ಬೇಸಿಗೆ ರಜೆ ಕಳೆದಿದ್ದೇನೆ.

ಆ ಹಿರಿಯರನ್ನು ಗೆದ್ದದ್ದು ಮೂರನೆಯ ವರ್ಷ, ಬೇರೊಂದು ಲೆಕ್ಕದಲ್ಲಿ. ನದಿಯ ವೇಗ ಸೆಕೆಂಡಿಗೆ 5 ಮೀಟರ್, ದೋಣಿಯದು 3, ಅಗಲ 100 ಮೀಟರ್. ನೇರ ದಾಟಲು ಸಾಧ್ಯವೇ ಇಲ್ಲ. ಹಾಗಾದರೆ ಸರಿತ ಕನಿಷ್ಠವಾಗಲು ಮೂತಿ ಎತ್ತ ಇರಬೇಕು? ಅವರು ಕಲನಶಾಸ್ತ್ರದ ಅವಕಲನ ಮಾಡುತ್ತಾ ಕುಳಿತರು. ನಾನು 5 ಸೆಂಟಿಮೀಟರಿನ "ನೀನೆ" ಎಳೆದು, ಅದರ ತುದಿಯಲ್ಲಿ ಕೈವಾರ ಊರಿ 3 ಸೆಂಟಿಮೀಟರ್ ತ್ರಿಜ್ಯದ ವೃತ್ತ ಹಾಕಿದೆ. ದೋಣಿ ಎತ್ತ ಮುಖ ಮಾಡಿದರೂ "ದೋನೆ"ಯ ತುದಿ ಆ ವೃತ್ತದ ಮೇಲೆಯೇ. ಹೊರಟ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕ ಎಳೆದರೆ ಅದೇ ದಡದಿಂದ ಅತಿ ಹೆಚ್ಚು ಎದ್ದ ದಾರಿ. ಮೂತಿ ನೇರ ಎದುರಿನಿಂದ ಹರಿವಿನ ವಿರುದ್ಧ 37 ಡಿಗ್ರಿ ವಾಲಿರಬೇಕು, ಸರಿತ 133 ಮೀಟರ್. ಮೂತಿಯನ್ನು ನೇರ ಎದುರಿಗೆ ಇಟ್ಟಿದ್ದರೆ 167 ಆಗುತ್ತಿತ್ತು. ಸಮಯ ಮಾತ್ರ 33 ಸೆಕೆಂಡಿನಿಂದ 42ಕ್ಕೆ ಏರುತ್ತದೆ. ಅವರು ತಮ್ಮ ಪುಟದ ಕೊನೆಗೆ ಬಂದು, ಉತ್ತರ ತಾಳೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಚಿತ್ರಕಲೆ ಎಂದು ಹೀಯಾಳಿಸಿದ್ದಕ್ಕೂ ಆಗಲೇ ಉತ್ತರ ಕೊಟ್ಟೆ. ವಿಮಾನ ಚಾಲಕರು ಬಳಸುವ ಇ6ಬಿ ಎಂಬ ಕೈಗಣಕದ ಒಂದು ಬದಿಯಲ್ಲಿ ಗಾಳಿಯ ಬಾಣವನ್ನು ಪೆನ್ಸಿಲಿನಲ್ಲಿ ಗುರುತಿಸಿ, ಇದೇ ತ್ರಿಭುಜವನ್ನು ಮುಚ್ಚುತ್ತಾರೆ. ವಿಮಾನವನ್ನು ಸರಿದಾರಿಯಲ್ಲಿ ಇಡುವ ಚಿತ್ರ ನಮ್ಮ ದೋಣಿಗೆ ಸಾಲದೇ?

ಒಪ್ಪಿಕೊಳ್ಳಬೇಕಾದದ್ದೂ ಇದೆ. ಕೋನಮಾಪಕದಲ್ಲಿ 37 ಡಿಗ್ರಿ ಹಲವರಿಗೆ 35, 39 ಆಗುತ್ತದೆ. ಪರೀಕ್ಷೆಗೆ ಅಷ್ಟು ಸಾಲದು. ಆದ್ದರಿಂದ ಈಗ ಕೈಬರಹದ ಒರಟು ತ್ರಿಭುಜ ಮೊದಲು, ಸೈನ್ ಕೊಸೈನ್ ಆಮೇಲೆ, ಅದೂ ಅದೇ ತ್ರಿಭುಜದ ಮೇಲೆ. ನಾಲ್ಕೈದು ಬಾಣಗಳಿದ್ದರೆ ಮಾತ್ರ ಹಟ ಮಾಡದೆ ಅಡ್ಡ ಮತ್ತು ಲಂಬ ಘಟಕಗಳಾಗಿ ಒಡೆಯುವುದೇ ಮೇಲು. ಹಿಂದೆ ನಲವತ್ತರಲ್ಲಿ ಎಂಟೋ ಒಂಬತ್ತೋ ಜನ ವೇಗದ ನದಿಯ ಲೆಕ್ಕ ಬಿಡಿಸುತ್ತಿದ್ದರು. ಕಳೆದ ಬಾರಿ ಇಪ್ಪತ್ತೈದರ ಮೇಲಿದ್ದರು.

ಈಗ ಹಡಗುಗಳಿಗೆ ಕೈಹಾಕಿದ್ದೇನೆ. ಒಂದು ಹಡಗು ಎರಡರ ದಾರಿಗಳೂ ಸೇರುವ ಬಿಂದುವಿನಿಂದ 10 ಕಿಲೋಮೀಟರ್ ದಕ್ಷಿಣದಲ್ಲಿದ್ದು ಗಂಟೆಗೆ 30 ಕಿಲೋಮೀಟರಿನಂತೆ ಉತ್ತರಕ್ಕೆ, ಇನ್ನೊಂದು 10 ಕಿಲೋಮೀಟರ್ ಪಶ್ಚಿಮದಲ್ಲಿದ್ದು 40ರಂತೆ ಪೂರ್ವಕ್ಕೆ. ಮೊದಲನೆಯದನ್ನು ನಿಲ್ಲಿಸಿ, ಎರಡನೆಯದರ ಸಾಪೇಕ್ಷ ಗೆರೆಗೆ ಲಂಬ ಇಳಿಸಿದರೆ ಅವು ಅತಿ ಹತ್ತಿರ ಬರುವುದು 2 ಕಿಲೋಮೀಟರಿಗೆ, ಸುಮಾರು 17 ನಿಮಿಷಗಳ ನಂತರ. ಇದನ್ನು ಎರಡು ಆಟಿಕೆ ಕಾರುಗಳಲ್ಲಿ, ಮೇಲಿನಿಂದ ಮೊಬೈಲ್ ಹಿಡಿದು ತೋರಿಸಬೇಕೆಂದಿದ್ದೇನೆ. ಒಂದು ಕಾರಿನ ಜೊತೆಗೇ ಮೊಬೈಲ್ ಸರಿಯಬೇಕು, ಅಲ್ಲೇ ಸಿಕ್ಕಿಕೊಂಡಿದ್ದೇನೆ. ಮೊನ್ನೆ ಎರಡೂ ಕಾರುಗಳು ಢಿಕ್ಕಿ ಹೊಡೆದವು. ಲೆಕ್ಕದ ಪ್ರಕಾರ ನಡುವೆ ಎರಡು ಗೇಣಿನಷ್ಟು ಜಾಗ ಉಳಿಯಬೇಕಿತ್ತು.