ತಾಳಮದ್ದಲೆ ರೆಕಾರ್ಡಿಂಗ್: ಕರೆಂಟು ಹೋದರೂ ಫೈಲು ಉಳಿಯಬೇಕಾದರೆ

ಶಿರಸಿ ಕಡೆ ತಾಳಮದ್ದಲೆ ಜೋರಾಗುವುದು ಮಳೆಗಾಲದಲ್ಲಿ, ಕರೆಂಟು ಕೈಕೊಡುವುದೂ ಆಗಲೇ. ಎಂಪಿ4ಗೆ ರೆಕಾರ್ಡ್ ಆಗುತ್ತಿರುವಾಗ ಕಂಪ್ಯೂಟರ್ ಆಫ್ ಆದರೆ ಡಿಸ್ಕಿನಲ್ಲಿ ಮೂರು ಜಿಬಿ ಫೈಲು ಕಾಣುತ್ತದೆ, ಪ್ಲೇ ಮಾತ್ರ ಆಗುವುದಿಲ್ಲ. ವಿಡಿಯೋ, ಆಡಿಯೋ ಫೈಲು ಪರಿವರ್ತಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟರೆ ‘ಮೂವ್ ಆಟಮ್ ನಾಟ್ ಫೌಂಡ್’ ಎನ್ನುತ್ತದೆ. ಯಾವ ಫ್ರೇಮು ಫೈಲಿನಲ್ಲಿ ಎಲ್ಲಿದೆ ಎಂಬ ಪಟ್ಟಿಯೇ ಮೂವ್. ಮಾಮೂಲಿ ಎಂಪಿ4ರಲ್ಲಿ ಅದನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ: ಎಂಪಿವಿ ಒಳಗಿರುವುದು ಎಫ್‌ಎಫ್‌ಎಂಪೆಗ್ ಲೈಬ್ರರಿಗಳೇ, ವಿಎಲ್‌ಸಿ ತನ್ನದೇ ಕೋಡಿನಿಂದ ಎಂಪಿ4 ಓದಿದರೂ ಅದಕ್ಕೂ ಆ ಪಟ್ಟಿ ಬೇಕು.

ಇಂಥ ಫೈಲಿಗೆ ಅನ್‌ಟ್ರಂಕ್‌ನಂಥ ದುರಸ್ತಿ ತಂತ್ರಾಂಶವೇ ಆಸರೆ. ಅದೇ ಯಂತ್ರದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಸರಿಯಾದ ಫೈಲು ಅದಕ್ಕೆ ಮಾದರಿಯಾಗಿ ಬೇಕು. ಪ್ರಸಂಗ ಶುರುವಾಗುವ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ತೆಗೆದಿಡಿ.

ಈ ಪಾಡೇ ಬೇಡವೆಂದರೆ ರೆಕಾರ್ಡಿಂಗ್ ತಂತ್ರಾಂಶ ಒಬಿಎಸ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎಂಪಿ4 ಬದಲು ಎಂಕೆವಿ ಎಂಬ ಫೈಲು ಮಾದರಿ ಆರಿಸಿ. ಅದು ತುಂಡುತುಂಡಾಗಿ ಬರೆಯುತ್ತ ಹೋಗುತ್ತದೆ, ಕರೆಂಟು ಹೋದರೆ ಕೊನೆಯ ಚೂರಷ್ಟೇ ನಷ್ಟ. ಆದರೆ ಅರ್ಧಕ್ಕೆ ನಿಂತ ಎಂಕೆವಿಯಲ್ಲಿ ಒಟ್ಟು ಅವಧಿ ಕಾಣದು, ಮುಂದಕ್ಕೆ ಎಳೆದರೆ ತಡವರಿಸುತ್ತದೆ. ಅದಕ್ಕೆ ಎಫ್‌ಎಫ್‌ಎಂಪೆಗ್‌ನಲ್ಲಿ ಕೊಡೆಕ್ (ಚಿತ್ರ, ಧ್ವನಿಯನ್ನು ಕುಗ್ಗಿಸುವ ವಿಧಾನ) ಜಾಗಕ್ಕೆ ‘ಕಾಪಿ’ ಕೊಟ್ಟು ಹೊಸ ಫೈಲಿಗೆ ಬರೆಸಿ. ಅದರ ಲೈಬ್ರರಿ ಲಿಬ್‌ಎವಿಫಾರ್ಮ್ಯಾಟ್ ಹೊರಗಿನ ಡಬ್ಬ ಬದಲಿಸುತ್ತದೆ, ಒಳಗಿನ ಸರಕನ್ನು ಯಾರೂ ಬಿಚ್ಚುವುದಿಲ್ಲ. ಗುಣಮಟ್ಟ ಎಳ್ಳಷ್ಟೂ ಇಳಿಯದೆ, ಮೂರು ತಾಸಿನ ಪ್ರಸಂಗ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಭಾಗವತರ ಒಂದು ಪದ್ಯವನ್ನಷ್ಟೇ ಕತ್ತರಿಸುವಾಗ ಮಾತ್ರ ಈ ‘ಕಾಪಿ’ ಸತಾಯಿಸುತ್ತದೆ. ತುಣುಕು ಕೀಫ್ರೇಮಿನಿಂದಲೇ, ಅಂದರೆ ಬೇರೆ ಫ್ರೇಮುಗಳ ನೆರವಿಲ್ಲದೆ ಪೂರ್ತಿ ಚಿತ್ರ ಕೊಡುವ ಫ್ರೇಮಿನಿಂದಲೇ, ಶುರುವಾಗಬೇಕು. ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಎಕ್ಸ್264 ಎರಡು ಕೀಫ್ರೇಮುಗಳ ನಡುವೆ ತಾನಾಗಿ ಬಿಡುವ ಅಂತರ ಹೆಚ್ಚೆಂದರೆ 250 ಫ್ರೇಮು, ಸೆಕೆಂಡಿಗೆ 25ರಂತೆ 10 ಸೆಕೆಂಡು. ಪದ್ಯಕ್ಕೆ ಮೊದಲು ಅರ್ಥಧಾರಿಯ ಮಾತಿನ ಬಾಲ ಅಂಟಿಕೊಂಡು ಬರುವುದು ಇದರಿಂದಲೇ. ಒಬಿಎಸ್‌ನಲ್ಲಿ ಕೀಫ್ರೇಮ್ ಅಂತರವನ್ನು ಮೊದಲೇ 2 ಸೆಕೆಂಡಿಗೆ ಇಡಿ. ಆಗಿಹೋದ ರೆಕಾರ್ಡಿಂಗ್ ಆದರೆ ಆ ತುಣುಕನ್ನಷ್ಟೇ ಮತ್ತೆ ಎನ್‌ಕೋಡ್ ಮಾಡಿ.

ಬರೀ ಧ್ವನಿ ಸಾಕು ಎನ್ನುವವರು ವೇವ್ ಫೈಲಿನ 4 ಜಿಬಿ ಮಿತಿ ನೆನಪಿಡಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಎಂದರೆ ಸೆಕೆಂಡಿಗೆ 2,88,000 ಬೈಟು. ಸುಮಾರು 4 ತಾಸು 8 ನಿಮಿಷಕ್ಕೆ ಫೈಲು ತುಂಬುತ್ತದೆ, ಬೆಳಗಿನವರೆಗಿನ ಕಾರ್ಯಕ್ರಮಕ್ಕೆ ಸಾಲದು. ಗುಣಮಟ್ಟ ಕಳೆಯದೆ ಧ್ವನಿ ಕುಗ್ಗಿಸುವ ಫ್ಲ್ಯಾಕ್ ಫೈಲಿಗೆ ಈ ಕಟ್ಟು ಇಲ್ಲ. ಚಂಡೆಯ ಜೋರು ಪೆಟ್ಟೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಮೈಕ್ ತಗ್ಗಿಸಿ. ತಗ್ಗಿದ ಧ್ವನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು.